ಗುಂಡುಕಲ್ಲಿಗೆ ಅತ್ತವರು

ಆ ಸಿನಿಮಾದಲ್ಲಿ ಗಂಡ ತನ್ನ ಬಾಣಂತಿ ಹೆಂಡತಿಯ ಕಪಾಳಕ್ಕೆ ಹೊಡೆಯುತ್ತಾನೆ. ಹೊಡೆದ ಕೂಡಲೇ ಅವಳಿಗೆ ಬುದ್ಧಿ ಬರುತ್ತದೆ. ಅಲ್ಲಿಯವರೆಗೆ ಕಣ್ಣೆತ್ತಿ ನೋಡದಿದ್ದ ಕೂಸನ್ನು ಓಡಿಹೋಗಿ ತೊಟ್ಟಿಲಿಂದ ಎತ್ತಿಕೊಂಡು ಎದೆಗವಚಿ ಅಳುತ್ತಾಳೆ. ಮೈಸೂರಿನ ಟಾಕೀಸಿನಲ್ಲಿ ಆ ಏಟಿಗೆ ಜನ ಚಪ್ಪಾಳೆ ತಟ್ಟಿದರು, ಆಮೇಲೆ ಮೂಗು ಒರೆಸಿಕೊಂಡು ಅತ್ತರು. ಈಗಲೂ ನನ್ನ ವಯಸ್ಸಿನವರು ಯಾರಾದರೂ ಸಿಕ್ಕಿದರೆ, "ಪಿಕ್ಚರ್ ಅಂದ್ರೆ ಅದು ಕಣ್ರೀ, ತಾಯಿ ಅಂದ್ರೆ ಏನು ಅಂತ ತೋರಿಸಿಕೊಟ್ರು" ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಆ ಬಾಣಂತಿ ಕೋಣೆಯನ್ನು ಕಟ್ಟಿದವನು ನಾನು. ತೊಟ್ಟಿಲು ಮಾಡಿದವನೂ ನಾನೇ. ಆ ತೊಟ್ಟಿಲೊಳಗೆ ಏನಿತ್ತು ಅನ್ನುವುದು ಚಪ್ಪಾಳೆ ತಟ್ಟಿದವರಿಗೆ ಗೊತ್ತಿಲ್ಲ, ನನಗೆ ಗೊತ್ತು.

ನಾನು ಹೆಚ್ಚು ಓದಿದವನಲ್ಲ. ನಮ್ಮ ಹಿನಕಲ್ ಆಗ ಮೈಸೂರಿಗೆ ಸೇರಿರಲಿಲ್ಲ, ಹಳ್ಳಿಯೇ. ನಮ್ಮಪ್ಪ ತೀರಿಕೊಂಡ ವರ್ಷ ಮಿಡ್ಲ್ ಸ್ಕೂಲು ಬಿಟ್ಟು ಒಂದು ಮರದ ಡಿಪೋಗೆ ಸೇರಿದೆ. ಒಕ್ಕಲುಮಕ್ಕಳ ಕೈಗೆ ಉಳಿ ಒಗ್ಗುವುದಿಲ್ಲ ಎಂದು ನಕ್ಕವರಿದ್ದರು. ಅವರಲ್ಲಿ ಒಬ್ಬರ ಮನೆಯ ತಲೆಬಾಗಿಲನ್ನು ಮುಂದೆ ನಾನೇ ಮಾಡಿಕೊಟ್ಟೆ, ಈಗಲೂ ಅದು ಒಂದು ಕೂದಲೆಳೆಯಷ್ಟೂ ಸೊಟ್ಟಗಾಗಿಲ್ಲ. ಜಯಲಕ್ಷ್ಮಿಪುರಂ, ಸರಸ್ವತಿಪುರಂ ಕಡೆ ಹೊಸ ಮನೆಗಳು ಏಳುತ್ತಿದ್ದ ಕಾಲ, ಕೆಲಸಕ್ಕೆ ಬರವಿರಲಿಲ್ಲ. ಹಾಗಿದ್ದೂ ನಾನು ಸಿನಿಮಾ ಸ್ಟುಡಿಯೋಗೆ ಹೋದದ್ದು ಶೋಕಿಗೇ ಅಂತ ಇಟ್ಟುಕೊಳ್ಳಿ. ಗೋಣಿಬಟ್ಟೆಗೆ ಸುಣ್ಣ ಬಳಿದರೆ ಅದು ಗೋಡೆ, ಹಲಗೆಗೆ ಬಣ್ಣ ಹಚ್ಚಿದರೆ ಕಲ್ಲಿನ ಕಂಬ. ನಾನು ಕಟ್ಟಿದ ಅರಮನೆಗಳನ್ನು ಅಲ್ಲಿ ನಾನೇ ಕಿತ್ತು ಹಾಕುತ್ತಿದ್ದೆ.

ಆ ಚಿತ್ರ ತೆಗೆಯಲು ಹೊರಗಿನಿಂದ ಒಂದು ಕಂಪನಿಯವರು ಬಂದು ಸ್ಟುಡಿಯೋ ಬಾಡಿಗೆಗೆ ಹಿಡಿದಿದ್ದರು. ನನ್ನ ಹೆಂಡತಿ ಮೂರನೆಯದಕ್ಕೆ ಬಾಣಂತಿಯಾಗಿದ್ದ ಹೊತ್ತು ಅದು. ಮೊದಲಿನ ಎರಡು ಬಾಣಂತನವೂ ತವರಿನಲ್ಲಿ ಆಗಿತ್ತು. ಅಷ್ಟರಲ್ಲಿ ಅವಳ ತಾಯಿ ಹೋಗಿಬಿಟ್ಟಿದ್ದರು, ಹಾಗಾಗಿ ಈ ಬಾಣಂತನ ನಮ್ಮ ಮನೆಯಲ್ಲೇ, ನಮ್ಮವ್ವನ ಕೈಯಲ್ಲಿ. ಒಂದು ಕೂಸು ಎದೆ ಬಿಡುವ ಮೊದಲೇ ಇನ್ನೊಂದು ಹೊಟ್ಟೆಯಲ್ಲಿರುತ್ತಿತ್ತು. ನಡುವೆ ರಾಗಿ ಬೀಸುವುದು, ಬಾವಿಯಿಂದ ನೀರು ಸೇದುವುದು, ಎರಡು ಎಮ್ಮೆ.

ಬಾಣಂತಿ ಕೋಣೆ ಅಂದರೆ ನಮ್ಮ ಮನೆಯ ಕಾಳಿನ ಕೋಣೆ. ಇದ್ದ ಒಂದು ಕಿಟಕಿಗೆ ಅವ್ವ ಗೋಣಿತಾಟು ತುರುಕಿದ್ದಳು, ಗಾಳಿ ಸೋಕಬಾರದು ಎಂದು. ಮಂಚದ ಕೆಳಗೆ ಕೆಂಡ, ಅದಕ್ಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಮದ ಹೊಗೆ. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಊಟಕ್ಕೆ ಮೆಣಸಿನ ಸಾರು, ಅನ್ನ. ನೀರು ಮಾತ್ರ ಕೊಡುವಂತಿಲ್ಲ. ಹಸಿ ಮೈಗೆ ನೀರು ಬಿದ್ದರೆ ಬಾತುಕೊಳ್ಳುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಬಾಯಿ ತೀರಾ ಒಣಗಿದರೆ ಕಾಯಿಸಿದ ನೀರು ಒಂದು ಒಳಲೆಯಷ್ಟು, ಕೂಸಿಗೆ ಔಷಧಿ ಹುಯ್ಯುವ ಹಾಗೆ. ಬೇಸಿಗೆ ಬೇರೆ. ನಾನು ಬಾಗಿಲಲ್ಲಿ ನಿಂತರೆ ಕಣ್ಣು ಉರಿಯುತ್ತಿತ್ತು, ಅವಳು ಒಳಗೆ ಮಲಗಿರುತ್ತಿದ್ದಳು. ಮಲಗಿರುತ್ತಿದ್ದಳು ಅಷ್ಟೇ, ನಿದ್ದೆಯಲ್ಲ. ಕೂಸು ಅತ್ತರೆ ತಿರುಗಿ ನೋಡುತ್ತಿರಲಿಲ್ಲ. ಅವ್ವ ತಂದು ಎದೆಗೆ ಹಿಡಿದರೆ ಹಾಲು ಕೊಡುವಳು, ಕೂಸನ್ನು ತೆಗೆದುಕೊಂಡರೆ ಸುಮ್ಮನೆ ಬಿಟ್ಟುಕೊಡುವಳು. ದೊಡ್ಡ ಮಗಳು ಹೋಗಿ "ಅವ್ವ" ಅಂತ ಸೆರಗು ಜಗ್ಗಿದರೂ ಗೋಡೆಯನ್ನೇ ನೋಡುತ್ತಿದ್ದಳು. ಮಾತು ನಿಂತೇಹೋಯಿತು. ತಮಾಷೆ ಮಾಡಿ ಬೀದಿಯನ್ನೆಲ್ಲ ನಗಿಸುತ್ತಿದ್ದ ಹೆಂಗಸು ಅವಳು.

"ಗಾಳಿ ಮೆಟ್ಕಂಡದೆ ಕಣ್ಲಾ" ಅಂದಳು ಅವ್ವ. "ಹೆತ್ತ ಕೂಸ್ನ ನೋಡ್ದೆ ಇರೋ ಹೆಣ್ಣು ಎಲ್ಲಾರ ಇದ್ದದಾ? ಅವಳಲ್ಲ ಅದು. ಅವಳೊಳಗೆ ಕುಂತಿರೋದು."

ಹೊಳೆಯಾಚೆ ಒಬ್ಬ ಮಂತ್ರವಾದಿ ಇದ್ದ. ಹೆಂಗಸರ ಜಡೆಯನ್ನು ಮರಕ್ಕೆ ಮೊಳೆ ಹೊಡೆದು, ಹಸಿ ಹುಣಸೆ ಬರಲಿನಲ್ಲಿ ಬಾರಿಸಿ ಗಾಳಿ ಬಿಡಿಸುತ್ತಿದ್ದ. ಬರುವ ಅಮಾವಾಸ್ಯೆಗೆ ಅವಳನ್ನು ಅಲ್ಲಿಗೆ ಕರೆದೊಯ್ಯುವುದು ಅಂತ ಅವ್ವನೂ ನನ್ನ ಸೋದರಮಾವನೂ ಮಾತಾಡಿಕೊಂಡು ಗಾಡಿ ಗೊತ್ತು ಮಾಡಿಯಾಗಿತ್ತು. ಅಲ್ಲೂ ಗುಣ ಕಾಣದಿದ್ದರೆ ಅಲ್ಲಿಂದ ನೇರ ಅವಳ ಅಣ್ಣನ ಮನೆಗೆ ಬಿಟ್ಟು ಬರುವುದು. "ಮಕ್ಕಳ್ನ ನಾನು ನೋಡ್ಕತೀನಿ. ನಿಂಗೇನು ವಯಸ್ಸಾಗಿಲ್ಲ" ಅಂದಳು ಅವ್ವ. ಆ ಕೊನೆಯ ಮಾತಿನ ಅರ್ಥ ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲೇ ಒಬ್ಬ ಹೆಣ್ಣುಮಗಳಿಗೆ ಹಾಗೆ ಮಾಡಿದ್ದರು. ಅವಳ ಮಕ್ಕಳು ನಮ್ಮ ಜಗಲಿಯ ಮೇಲೆ ಆಡಿಕೊಂಡಿರುತ್ತಿದ್ದವು, ಅವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಬೇರೆಯವಳು. ಮಲತಾಯಿ ಕೆಟ್ಟವಳೇನಲ್ಲ. ಆದರೆ ಹೆತ್ತವಳ ಹೆಸರು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ನಾನು ಹಗಲೆಲ್ಲ ಸ್ಟುಡಿಯೋದಲ್ಲಿ ಇನ್ನೊಂದು ಬಾಣಂತಿ ಕೋಣೆ ಕಟ್ಟುತ್ತಿದ್ದೆ. ಮಂಚ, ಕೆಂಡದ ಬಾನಿ, ತೂಗುವ ತೊಟ್ಟಿಲು. ತೊಟ್ಟಿಲು ಮುಗಿದ ದಿನ ಡೈರೆಕ್ಟರು ಅದು ಕ್ಯಾಮೆರಾದಲ್ಲಿ ಹೇಗೆ ತೂಗುತ್ತದೋ ನೋಡಬೇಕು, ತೂಗಿ ಅಂದರು. ಯಾರೂ ಮುಂದೆ ಬರಲಿಲ್ಲ. ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಒಳ್ಳೆಯದಲ್ಲ ಅನ್ನುವುದು ಲೈಟು ಹಿಡಿಯುವವರಿಂದ ಹಿಡಿದು ನೆಲ ಗುಡಿಸುವವರವರೆಗೆ ಎಲ್ಲರಿಗೂ ಗೊತ್ತು, ಎಲ್ಲರ ಮನೆಯಲ್ಲೂ ಮಕ್ಕಳು. ಕೊನೆಗೆ ಕ್ಯಾಂಟೀನಿನ ರುಬ್ಬುವ ಗುಂಡುಕಲ್ಲನ್ನು ತೊಳೆದು, ಅರಿಶಿನ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರು. ನಾಮಕರಣದಲ್ಲಿ ಕೂಸಿಗಿಂತ ಮೊದಲು ಗುಂಡಪ್ಪ ಎಂದು ಕರೆದು ಈ ಕಲ್ಲನ್ನು ತೂಗುವುದು ನಮ್ಮಲ್ಲಿ ಇದ್ದದ್ದೇ. ಡೈರೆಕ್ಟರಿಗೆ ನಗು. "ನಿಮ್ಮ ಗುಂಡಪ್ಪ ಅಳಲ್ಲವಲ್ಲಯ್ಯಾ. ನನಗೆ ಅಳೋ ಮಗು ಬೇಕು" ಅಂದರು.

ಕಂಪನಿಯ ಮ್ಯಾನೇಜರು ನನ್ನ ಹತ್ತಿರ ಬಂದ. "ಮೇಸ್ತ್ರಿ, ನಿಮ್ಮನೇಲಿ ಹಸುಗೂಸು ಇದೆಯಂತಲ್ಲ. ಒಂದಿನಕ್ಕೆ ಕರ್ಕೊಂಡು ಬನ್ನಿ."

ಅವ್ವ ಒಪ್ಪುವುದಿಲ್ಲ ಎಂದುಕೊಂಡೇ ಕೇಳಿದೆ. ಬಾಣಂತಿ ಹೊಸ್ತಿಲು ದಾಟಿದರೆ ಗಾಳಿ, ಕೂಸು ದಾಟಿದರೆ ದೃಷ್ಟಿ ಅನ್ನುತ್ತಿದ್ದವಳು ಅವಳು. ಸಿನಿಮಾ ಅಂದೊಡನೆ ಅವಳ ಮುಖ ಬೇರೆಯಾಯಿತು.

"ಯಾರು ಎತ್ಕೊಂಡಾರು ನಮ್ ಮಗಾನ? ಆ ದೊಡ್ಡ ಕಣ್ಣಿನೋಳಾ?"

"ಅವಳೇ."

"ಅಂಗಾರೆ ನಾನೇ ಎತ್ಕೊಂಡು ಬತ್ತೀನಿ ಬುಡು."

"ಹಾಲು ನೀನು ಕೊಡ್ತೀಯಾ?"

ಅವ್ವ ನನ್ನನ್ನು ಗುರುಗುಟ್ಟಿಕೊಂಡು ನೋಡಿ, ಸೊಸೆಯ ಕಿವಿಗೆ ಇನ್ನೊಂದಿಷ್ಟು ಹತ್ತಿ ತುರುಕಿದಳು. "ಸಿನಿಮಾಕ್ಕಾದ್ರೆ ಗಾಳಿ ಸೋಕಾಕಿಲ್ವಾ ಅವ್ವ?" ಅಂದೆ. "ಜಟಕಾಕ್ಕೆ ಪರದೆ ಕಟ್ಟಿಸ್ಲಾ, ದೊಡ್ಡ ಮಾತಾಡ್ಬೇಡ" ಅಂದಳು. ದೊಡ್ಡ ಮಕ್ಕಳಿಬ್ಬರನ್ನು ನೋಡಿಕೊಂಡು ಅವ್ವ ಮನೆಯಲ್ಲೇ ಉಳಿದಳು. ನಾವು ಹೊರಡುವ ಮೊದಲೇ ಬೀದಿಗೆಲ್ಲ ಗೊತ್ತಾಗಿತ್ತು, ಇವಳ ಮೊಮ್ಮಗ ಸಿನಿಮಾದಲ್ಲಿ ಬರುತ್ತಾನೆ ಎಂದು.

ಸ್ಟುಡಿಯೋದಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದ ಒಬ್ಬ ಹೆಂಗಸಿದ್ದರು. ಕ್ರಿಶ್ಚಿಯನ್ನರು, ಭಾನುವಾರ ಇಗರ್ಜಿಗೆ ಹೋಗದೆ ಯಂತ್ರ ಮುಟ್ಟದವರು. ಎಲ್ಲರಿಗೂ ಅವರು ಟೈಲರಮ್ಮ. ನನ್ನ ಹೆಂಡತಿಯನ್ನು ನೋಡಿದವರೇ ಏನೂ ಕೇಳದೆ ತಮ್ಮ ಪಕ್ಕ ಕೂರಿಸಿಕೊಂಡು, ಕಿವಿಯ ಹತ್ತಿ ಕಿತ್ತು, ಕೂಜದಿಂದ ಒಂದು ದೊಡ್ಡ ಲೋಟ ನೀರು ಬಗ್ಗಿಸಿ ಕೊಟ್ಟರು. ಅವಳು ನನ್ನ ಮುಖ ನೋಡಿದಳು. "ಅವರ ಮುಖ ಯಾಕ್ ನೋಡ್ತೀಯಮ್ಮ, ಬಾಯಾರಿರೋದು ನಿಂಗೆ" ಅಂದರು ಟೈಲರಮ್ಮ. ಅವಳು ಗಟಗಟನೆ ಕುಡಿದು ಲೋಟವನ್ನು ಮತ್ತೆ ಮುಂದೆ ಹಿಡಿದಳು. ಮೂರನೆಯ ಲೋಟ ಖಾಲಿಯಾದ ಮೇಲೆ ಕಣ್ಣೆತ್ತಿ, ನಾನು ಕಟ್ಟಿದ ಕೋಣೆಯನ್ನು ನೋಡಿದಳು.

"ಇದುಕ್ಕೆ ಒಂದು ಗೋಡೆನೇ ಇಲ್ಲ" ಅಂದಳು.

ಎಷ್ಟೋ ದಿನದ ಮೇಲೆ ಕೇಳಿದ ಮಾತು. "ಕ್ಯಾಮೆರಾಗೆ ಕಾಣಬೇಕಲ್ಲ, ಬೆಳಕೂ ಬೇಕು" ಅಂದೆ.

"ನಮ್ದುಕ್ಕೂ ಒಂದು ತೆಗೀಬೌದಿತ್ತು."

ಅಷ್ಟರಲ್ಲಿ ಬೆಲ್ಲು ಹೊಡೆದರು, ಕೂಸನ್ನು ತೊಟ್ಟಿಲಿಗೆ ತೆಗೆದುಕೊಂಡು ಹೋದರು. ಅದು ಹಾಯಾಗಿ ನಿದ್ದೆ ಮಾಡುತ್ತಿತ್ತು. ಅಸಿಸ್ಟೆಂಟು ಅಳಲಿ ಅಂತ ಅದರ ತೊಡೆ ಚಿವುಟಲು ಹೋದ. ಟೈಲರಮ್ಮ ಅಳತೆಕೋಲಿನಿಂದ ಅವನ ಕೈಗೆ ಒಂದು ಬಿಟ್ಟರು.

ಆಗ ಆ ಸೀನು ನೋಡಿದೆ. ನಾಯಕಿ ಕೆದರಿದ ಕೂದಲಲ್ಲಿ ಮಂಚದ ಮೇಲೆ ಕೂತು ಹೇಳುತ್ತಾಳೆ: ನನಗೆ ಸಾಕಾಗಿದೆ, ನಾನು ಮಲಗಿ ಎಷ್ಟು ದಿನವಾಯಿತೋ ಗೊತ್ತಿಲ್ಲ, ಇದರ ಅಳು ನಿಂತ ಮೇಲೂ ನನ್ನ ತಲೆಯೊಳಗೆ ನಿಲ್ಲುವುದಿಲ್ಲ, ಇದನ್ನು ಯಾರಾದರೂ ತೆಗೆದುಕೊಂಡು ಹೋಗಿ. ಆ ಮಾತುಗಳನ್ನು ಯಾರು ಬರೆದರೋ, ಯಾವ ಮನೆಯಲ್ಲಿ ಕೇಳಿದ್ದರೋ, ಅಷ್ಟು ಸರಿಯಾಗಿದ್ದವು. ಗಂಡನ ಪಾತ್ರದವನು "ನೀನು ತಾಯಿಯೋ ರಾಕ್ಷಸಿಯೋ" ಅಂತ ಕಪಾಳಕ್ಕೆ ಬಿಗಿಯುತ್ತಾನೆ. ಅವಳು ಓಡಿಹೋಗಿ ಮಗುವನ್ನು ಎತ್ತಿಕೊಳ್ಳಬೇಕು. ಒಮ್ಮೆ ಏಟು ಜೋರಾಗಲಿಲ್ಲ, ಒಮ್ಮೆ ಸೆರಗು ಸಿಕ್ಕಿಕೊಂಡಿತು, ಮತ್ತೆ ಮತ್ತೆ ತೆಗೆದರು. ಆ ಹೆಣ್ಣುಮಗಳ ಕೆನ್ನೆ ಬಣ್ಣದ ಅಡಿಯಲ್ಲೂ ಕೆಂಪಾಗಿತ್ತು.

ಇನ್ನೊಂದು ಸಲ ಕ್ಯಾಮೆರಾ ಓಡುತ್ತಿದೆ, ಎಲ್ಲರೂ ಉಸಿರು ಬಿಗಿಹಿಡಿದಿದ್ದೇವೆ, ಮೂಲೆಯಿಂದ ನನ್ನ ಹೆಂಡತಿಯ ದನಿ ಬಂತು.

"ಆವಮ್ಮ ಸರ್ಯಾಗೇ ಏಳ್ತಾವ್ಳಲ್ಲ. ಯಾಕ್ ಒಡೀತಾನೆ?"

"ಕಟ್. ಯಾರದು?" ಅಂದರು ಡೈರೆಕ್ಟರು.

"ನನ್ನ ಹೆಂಡತಿ ಸಾರ್" ಅಂದೆ.

"ಏನಂತೆ ಅವರಿಗೆ?"

"ನಾಯಕಿ ಹೇಳ್ತಿರೋದು ಸರಿಯಾಗೇ ಇದೆ, ಹೊಡೆಯೋದು ಯಾಕೆ ಅಂತ ಕೇಳ್ತಿದ್ದಾಳೆ."

ಎಲ್ಲರೂ ನಕ್ಕರು. ನಾಯಕಿ ಒಬ್ಬಳು ನಗಲಿಲ್ಲ, ಒದ್ದೆ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಮೂಲೆಯ ಕಡೆ ನೋಡುತ್ತಿದ್ದಳು.

"ಏಟು ಬೀಳದೆ ಬುದ್ಧಿ ಬರೋದು ಹೇಗಯ್ಯಾ?" ಅಂದರು ಡೈರೆಕ್ಟರು, ನನಗೆ ಪಾಠ ಹೇಳುವವರ ಹಾಗೆ. "ಜನ ಅದನ್ನೇ ಕಾಯ್ತಾ ಕೂತಿರ್ತಾರೆ."

"ಅವಳಿಗೆ ಬೇಕಿರೋದು ನಿದ್ದೆ ಸಾರ್. ಮಲಗಿಸೋ ಹಾಗೆ ತೆಗೀರಿ."

"ಮಲಗಿರೋ ಹೆಂಗಸನ್ನ ಯಾರು ನೋಡ್ತಾರೆ? ನೀನು ಹೋಗಿ ಮೊಳೆ ಹೊಡಿ."

ಮೊಳೆ ಹೊಡೆಯುವುದು ನನಗೆ ಅವಮಾನದ ಕೆಲಸವಲ್ಲ. ಆದರೆ ಆ ಮನುಷ್ಯ ಹೇಳಿದ ರೀತಿಗೆ ನನ್ನ ಮೈಯ ರಕ್ತವೆಲ್ಲ ತಲೆಗೇರಿತು. ಅವಳ ಬಾಯಿಂದಲೇ ಅವಳ ಕಷ್ಟವನ್ನು ಅಷ್ಟು ಚೆನ್ನಾಗಿ ಹೇಳಿಸಿ, ಹೇಳಿದ ತಪ್ಪಿಗೆ ಅವಳನ್ನು ಹೊಡೆಸುತ್ತಾರಲ್ಲ. ಹೊಳೆಯಾಚೆಯ ಮಂತ್ರವಾದಿಗೂ ಇವರಿಗೂ ಏನು ವ್ಯತ್ಯಾಸ? ಅವನ ಕೈಯಲ್ಲಿ ಬರಲು, ಇವರ ಕೈಯಲ್ಲಿ ಕ್ಯಾಮೆರಾ. ನಾನು ಹೋಗಿ ತೊಟ್ಟಿಲಿಂದ ನನ್ನ ಮಗನನ್ನು ಎತ್ತಿಕೊಂಡೆ. "ನನ್ನ ಕೂಸನ್ನ ಈ ಸೀನಿಗೆ ಕೊಡಲ್ಲ" ಅಂದೆ. ಮ್ಯಾನೇಜರು ಕೆಲಸದಿಂದ ತೆಗೆಯುವ ಮಾತೆತ್ತಿದ. "ನಿಮ್ಮ ಕೆಲಸ ಹೋದ್ರೆ ನಂಗೆ ಸರಸ್ವತಿಪುರದಲ್ಲಿ ನೂರು ಬಾಗಿಲು ಕಾಯ್ತಾ ಇವೆ" ಅಂದೆ. ನೂರಿರಲಿಲ್ಲ. ಆದರೆ ಆ ಹೊತ್ತಿಗೆ ಹಾಗೆ ಹೇಳಬೇಕಿತ್ತು.

ಸೀನು ನಿಲ್ಲಲಿಲ್ಲ. ಖಾಲಿ ತೊಟ್ಟಿಲು ತೂಗಲು ಯಾರೂ ಒಪ್ಪದ್ದರಿಂದ ಮತ್ತೆ ಕ್ಯಾಂಟೀನಿನ ಗುಂಡುಕಲ್ಲು ಬಂತು. ಅಳುವ ದನಿಯನ್ನು ಆಮೇಲೆ ಎಲ್ಲಿಂದಲೋ ಸೇರಿಸಿದರು. ನಾಯಕಿ ಏಟು ತಿಂದು, ಓಡಿಹೋಗಿ, ಆ ಕಲ್ಲನ್ನು ಎತ್ತಿ ಎದೆಗವಚಿಕೊಂಡು ಅತ್ತಳು.

ಮೂಲೆಗೆ ಬಂದು ನೋಡಿದರೆ ಹೆಂಡತಿ ಇಲ್ಲ. ರಾಜರ, ಸೈನಿಕರ ವೇಷದ ಬಟ್ಟೆ ಗಂಟು ಕಟ್ಟಿಟ್ಟಿದ್ದ ಕೋಣೆಯಲ್ಲಿ ಒಂದು ಜರತಾರಿ ಅಂಗಿಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. ಬಾಯಿ ತೆರೆದುಕೊಂಡಿತ್ತು. ನಾನು ಎಬ್ಬಿಸಲು ಹೋದರೆ ಟೈಲರಮ್ಮ ಅಡ್ಡ ಬಂದರು.

"ಎಬ್ಬಿಸಿದ್ರೆ ನಿಮಗೂ ಅಳತೆಕೋಲಲ್ಲಿ ಬೀಳುತ್ತೆ" ಅಂದರು. ಆಮೇಲೆ ದನಿ ತಗ್ಗಿಸಿ, "ನನ್ನ ಎರಡನೇ ಮಗೂಗೆ ನಂಗೂ ಹೀಗೇ ಆಗಿತ್ತು. ಮಗೂನ ಬಾವಿಕಟ್ಟೆ ಮೇಲೆ ಮಲಗಿಸಿ ಬಂದ್ಬುಟ್ಟಿದ್ದೆ, ನೆನಪೇ ಇಲ್ಲ. ಪಾಪ ಮಾಡಿದೀನಿ ಅಂತ ಫಾದರ್ ಹತ್ರ ಹೋಗಿ ಅತ್ತೆ. ಮನೆಗೆ ಹೋಗಿ ನಿದ್ದೆ ಮಾಡಮ್ಮ, ಆಮೇಲೂ ಪಾಪ ಅನ್ನಿಸಿದ್ರೆ ಬಾ ಅಂದ್ರು. ಮತ್ತೆ ಹೋಗ್ಲಿಲ್ಲ."

"ಎಷ್ಟು ದಿನಕ್ಕೆ ಸರಿಹೋಯ್ತು?"

"ಒಂದೇ ನಿದ್ದೆಗೆ ಸರಿಹೋಗೋಕೆ ಇದೇನು ಸಿನಿಮಾನಾ? ತಿಂಗಳುಗಟ್ಟಲೆ ಆಯ್ತು. ನಮ್ಮತ್ತೆ ಹಗಲು ಹೊತ್ತು ಕೂಸನ್ನ ನನ್ನ ಕಣ್ಣಿಗೇ ಬೀಳದ ಹಾಗೆ ಇಟ್ಕೊಂಡ್ರು, ಹಾಲಿಗೆ ಮಾತ್ರ ತರೋರು. ಮಹಾತಾಯಿ."

ಅವಳು ಎದ್ದದ್ದು ಸಂಜೆ. ಎದ್ದವಳೇ ಮತ್ತೆ ನೀರು ಕೇಳಿದಳು.

ಅಮಾವಾಸ್ಯೆಯ ಬೆಳಿಗ್ಗೆ ಮಾವ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಅವ್ವ ಮಡಿಕೆ, ಕೋಳಿ, ನಿಂಬೆಹಣ್ಣು ಎಲ್ಲ ಸಿದ್ಧ ಮಾಡಿದ್ದಳು. ನಾನು ಆವತ್ತು ಕೆಲಸಕ್ಕೆ ಹೋಗಲಿಲ್ಲ. ಕಾಳಿನ ಕೋಣೆಗೆ ಹೋಗಿ ಕಿಟಕಿಯ ಗೋಣಿತಾಟು ಕಿತ್ತು ಬೀದಿಗೆಸೆದೆ. ಕೆಂಡದ ಬಾನಿಯನ್ನು ಹೊರಗಿಟ್ಟು ನೀರು ಹುಯ್ದೆ. ತುಂಬಿದ ಬಿಂದಿಗೆ ತಂದು ಮಂಚದ ಪಕ್ಕ ಇಟ್ಟೆ.

"ಏನ್ಲಾ ಇದು?" ಅಂದಳು ಅವ್ವ.

"ಅವಳು ಎಲ್ಲಿಗೂ ಬರಲ್ಲ. ಗಾಡಿ ವಾಪಸ್ ಕಳ್ಸು."

"ಎಂಡ್ರು ಸೆರಗು ಇಡ್ಕಂಡು ಕುಂತವ್ನೆ ನೋಡಕ್ಕ ನಿನ್ ಮಗ" ಅಂದ ಮಾವ.

"ನಿನ್ನ ಜಡೆಗೆ ಮೊಳೆ ಹೊಡಿಸ್ಕೊಂಡು ಬಾ ಮಾವ, ಮೊದ್ಲು. ಆಮೇಲೆ ಅವಳನ್ನ ಕಳಿಸ್ತೀನಿ. ಮೊಳೆ ನಂದೇ ಕೊಡ್ತೀನಿ."

ಮಾವನಿಗೆ ಜಡೆ ಇರಲಿ, ತಲೆಯಲ್ಲಿ ಕೂದಲೇ ಇರಲಿಲ್ಲ. ಬೀದಿಯಲ್ಲಿ ನಿಂತು ನೋಡುತ್ತಿದ್ದವರು ಕಿಸಕ್ಕನೆ ನಕ್ಕರು. ಮಾವ ಗಾಡಿ ಹತ್ತಿ ಹೋದವನು ವರ್ಷಗಟ್ಟಲೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಅವ್ವ ಹೋಗಲಿಲ್ಲ. ಒಲೆಯ ಮುಂದೆ ಬೆನ್ನು ಮಾಡಿಕೊಂಡು ಕೂತಳು.

"ಅವಳಿಗೆ ಗಾಳಿ ಇಲ್ಲ ಅವ್ವ. ನಿದ್ದೆ ಇಲ್ಲ" ಅಂದೆ.

"ನಾನೂ ಏಳು ಎತ್ತಿವ್ನಿ" ಅಂದಳು ಅವ್ವ, ತಿರುಗದೆ. "ನಂಗ್ಯಾರ್ಲಾ ಮಲಗ್ಸಿದ್ರು?"

ಅವಳು ಅದನ್ನು ಜಗಳಕ್ಕೇ ಹೇಳಿದ್ದು. ಏಳು ಹೆತ್ತು ನಾಲ್ಕು ಉಳಿಸಿಕೊಂಡವಳು, ಅದೇ ಕಾಳಿನ ಕೋಣೆಯಲ್ಲಿ, ಅದೇ ಗೋಣಿತಾಟು ತುರುಕಿದ ಕಿಟಕಿಯ ಹಿಂದೆ. ನನ್ನ ಸಿಟ್ಟು ಆ ಕ್ಷಣದಲ್ಲಿ ಯಾರ ಮೇಲೆ ಇಳಿಯಬೇಕೋ ತಿಳಿಯದೆ ಹಾಗೇ ನಿಂತಿತು. ಅವ್ವ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಳು. ಆದರೆ ಕಿಟಕಿಗೆ ಮತ್ತೆ ಗೋಣಿ ತುರುಕಲಿಲ್ಲ.

ಟೈಲರಮ್ಮ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು ಅವಳನ್ನು ನೋಡಲು ನಮ್ಮ ಮನೆಗೆ ಬರುತ್ತಿದ್ದರು. ನಾನು ಬೆಳಗಿನ ಹೊತ್ತು ನೀರು ಸೇದಿ, ರಾಗಿ ಮಿಷನ್ನಿಗೆ ಹಾಕಿಸಿ ಕೆಲಸಕ್ಕೆ ಹೋಗುತ್ತಿದ್ದೆ. ಗಂಡಸು ನೀರು ಸೇದುತ್ತಾನೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು, ಆಡಿಕೊಳ್ಳಲಿ. ಹೆಂಡತಿಗೆ ಒಂದು ದಿನ ಚೆನ್ನಾಗಿದ್ದರೆ ಮರುದಿನ ಮತ್ತೆ ಗೋಡೆ ನೋಡುವಳು. ಸಿನಿಮಾದಲ್ಲಿ ಆದ ಹಾಗೆ ಓಡಿಹೋಗಿ ಕೂಸನ್ನು ಎತ್ತಿಕೊಳ್ಳಲಿಲ್ಲ. ಯಾವಾಗಿನಿಂದ ಎತ್ತಿಕೊಳ್ಳತೊಡಗಿದಳೋ ನಮಗೆ ಗೊತ್ತಾಗಲೇ ಇಲ್ಲ. ಒಂದು ದಿನ ಸಂಜೆ ಮನೆಗೆ ಬಂದರೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಎಮ್ಮೆಗೆ ಬೈಯುತ್ತಿದ್ದಳು.

ಚಿತ್ರ ಬಂದಾಗ ಮಗ ಅಂಬೆಗಾಲಿಡುತ್ತಿದ್ದ. ಅವ್ವ ಮೊಮ್ಮಗನನ್ನು ನೋಡಲು ಬೀದಿಯ ಹೆಂಗಸರನ್ನೆಲ್ಲ ಟಾಕೀಸಿಗೆ ಹೊರಡಿಸಿದಳು. ಆ ಸೀನಿಗೆ ಕೂಸನ್ನು ಕೊಡಲಿಲ್ಲವೆಂದು ನಾನು ಅವಳಿಗೆ ಹೇಳಿರಲಿಲ್ಲ. ಬೇಡ ಅಂದೆ, ಕೇಳಲಿಲ್ಲ. ಆ ಸೀನು ಬಂತು. ನಾಯಕಿ ಸಾಕಾಗಿದೆ ಅಂದಳು. ಹಿಂದಿನಿಂದ ಯಾವನೋ "ಬಿಡಯ್ಯ ಒಂದು" ಅಂತ ಕೂಗಿದ. ಏಟು ಬಿತ್ತು. ಟಾಕೀಸೇ ಎದ್ದು ಬೀಳುವ ಹಾಗೆ ಚಪ್ಪಾಳೆ. ಆಮೇಲೆ ಅವಳು ಓಡಿಹೋಗಿ ಎತ್ತಿಕೊಂಡದ್ದೇ, ಸುತ್ತಲೂ ಸೊರ ಸೊರ ಮೂಗಿನ ಸದ್ದು. ಅವ್ವನೂ ಕಣ್ಣಿಗೆ ಸೆರಗು ಹಿಡಿದಿದ್ದಳು.

"ನೋಡಿ, ಅವ್ನೇ ನನ್ ಮೊಮ್ಮಗ" ಅಂದಳು ಅತ್ತುಕೊಂಡೇ, ಪಕ್ಕದವರಿಗೆ.

ನನ್ನ ಹೆಂಡತಿ ಮಡಿಲಲ್ಲಿ ನಿದ್ದೆಹೋಗಿದ್ದ ಮಗನನ್ನು ಸರಿಮಾಡಿಕೊಂಡು, ಆ ಸಾಲಿಗೆಲ್ಲ ಕೇಳುವ ಹಾಗೆ ಅಂದಳು: "ಅತ್ತೆವ್ವಾ, ಅದು ನಿಮ್ ಮೊಮ್ಮಗ ಅಲ್ಲ. ಕ್ಯಾಂಟೀನ್ ಗುಂಡುಕಲ್ಲು ಅದು. ಇಡ್ಲಿಗೆ ರುಬ್ಬೋದು."

ಅಳುತ್ತಿದ್ದ ಒಂದಿಬ್ಬರು ತಿರುಗಿ ನೋಡಿದರು. ಯಾರೋ ಉಶ್ ಅಂದರು. ಅವಳಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡು ಮೈ ಕುಲುಕಿಸಿ ನಕ್ಕಳು. ಅವ್ವ ಪರದೆಯನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಬೀದಿಯವರ ಮುಂದೆ ಮರ್ಯಾದೆ ಹೋಯಿತೆಂದು ಮುಖ ಊದಿತ್ತು.

ಆಟ ಬಿಟ್ಟ ಮೇಲೆ ಗೇಟಿನ ಹತ್ತಿರ ಕೋಟು ಹಾಕಿಕೊಂಡ ಒಬ್ಬರು ತಮ್ಮ ಜೊತೆಯವರಿಗೆ ಹೇಳುತ್ತಿದ್ದರು: "ಆ ಏಟು ಬಿತ್ತಲ್ಲ, ಅಲ್ಲೇ ನೋಡಿ ಇಡೀ ಚಿತ್ರದ ಜೀವ ಇರೋದು. ಆಮೇಲೆ ಎಷ್ಟು ಚೆನ್ನಾಗಿ ತಾಯಿ ಆಗ್ಬಿಟ್ಲು."

ನಾನು ನಿಂತೆ. "ಸ್ವಾಮಿ, ಆ ಏಟು ತಿಂದ ಹೆಂಗಸು ಎತ್ತಿಕೊಂಡದ್ದು ಕಲ್ಲನ್ನ" ಅಂದೆ. ಅವರು ನನ್ನನ್ನು ಕುಡಿದವನ ಹಾಗೆ ನೋಡಿ ಹೊರಟುಹೋದರು.

ಜಟಕಾದಲ್ಲಿ ಮಗ ಎದ್ದು ರಂಪ ಹಿಡಿದ. ಅವ್ವ ಇನ್ನೂ ಮುಖ ಊದಿಸಿಕೊಂಡೇ ಇದ್ದಳು. ಸೊಸೆಯ ಕಡೆ ನೋಡದೆ ಕೈ ಚಾಚಿ, "ಕೊಡು ಇಲ್ಲಿ ಅವ್ನ" ಅಂದಳು. "ಇನಕಲ್ ಬರೋಗಂಟ ಒರಗಿಕೋ ನೀನು."